ಭದ್ರಮ್ಮನ ಮೂರು ದಿನ

ಬಾಳ್ಳುಪೇಟೆಯ ಹೆದ್ದಾರಿ ಪಕ್ಕ ಕುಲುಮೆ ಇಟ್ಟುಕೊಂಡಿದ್ದ ಧರ್ಮಾಚಾರಿಯ ಕಣ್ಣಿಗೆ ಪೊರೆ ಬಂದು ಮೂರು ವರ್ಷವಾಗಿತ್ತು. ಇದು ಗೊತ್ತಿದ್ದದ್ದು ಅವನಿಗೆ ಮತ್ತು ಹೆಂಡತಿ ಭದ್ರಮ್ಮನಿಗೆ ಮಾತ್ರ. ಅವನಪ್ಪ ಕಣ್ಣು ಕೊಯ್ಯಿಸಿಕೊಂಡು ಇದ್ದ ಮಸುಕು ಬೆಳಕನ್ನೂ ಕಳೆದುಕೊಂಡಿದ್ದರಿಂದ ಇವನು ಆಸ್ಪತ್ರೆಯ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದ.

ಮಚ್ಚು, ಕುಡುಗೋಲು ಬಡಿಯುವುದಕ್ಕೆ ಕೈ ಅಭ್ಯಾಸವೇ ಸಾಕು. ಆದರೆ ಧರ್ಮಾಚಾರಿಗೆ ಹೆಸರು ತಂದದ್ದು ಗೆರೆ ಚೂರಿ. ಕಬ್ಬಿಣದ ಪಟ್ಟಿ, ಉಕ್ಕಿನ ಪಟ್ಟಿ ಒಂದರ ಮೇಲೊಂದು ಜೋಡಿಸಿ, ಬಿಳಿಗಾರ ಉದುರಿಸಿ, ಕಾಯಿಸಿ, ಬಡಿದು ಒಂದು ಮಾಡಬೇಕು. ಮಡಚಿ ಮತ್ತೆ ಬಡಿಯಬೇಕು. ಕೊನೆಗೆ ಹುಳಿನೀರಿನಲ್ಲಿ ನೆನೆಸಿ ತೊಳೆದರೆ ಅಲಗಿನ ಮೇಲೆ ಕೆರೆಯ ಅಲೆಯಂಥ ಗೆರೆಗಳು ಏಳುತ್ತವೆ. ಇದೆಲ್ಲ ನಿಂತಿರುವುದು ಕಾದ ಕಬ್ಬಿಣದ ಬಣ್ಣದ ಮೇಲೆ. ಕೆಂಪಗಿರುವಾಗ ಬಡಿದರೆ ಪದರ ಕೂಡುವುದಿಲ್ಲ. ಬೆಳ್ಳಗಾಗಿ ಕಿಡಿ ಹಾರಿತೋ, ಉಕ್ಕು ಸುಟ್ಟುಹೋಯಿತು. ನಡುವೆ ಬೆಣ್ಣೆಯ ಬಣ್ಣವೊಂದು ಬರುತ್ತದೆ, ನಾಲ್ಕು ಉಸಿರಿನ ಹೊತ್ತು ಇರುತ್ತದೆ.

ಆ ಬಣ್ಣ ನೋಡುತ್ತಿದ್ದವಳು ಭದ್ರಮ್ಮ. ಗಾಳಿಯೂದುವ ತಿದಿಯ ಸರಪಳಿ ಎಳೆಯುವವಳು ಅವಳೇ. ಬಣ್ಣ ಬಂದ ಕೂಡಲೇ ತಿದಿ ನಿಲ್ಲಿಸುವಳು. ಸದ್ದು ನಿಂತಿತೆಂದರೆ ಅವನು ಇಕ್ಕಳದಲ್ಲಿ ಕಬ್ಬಿಣ ಎಳೆಯುವನು, ಅವಳು ಎದ್ದು ಸಮ್ಮಟಿಗೆ ಎತ್ತುವಳು. ಗಿರಾಕಿಗಳು "ಕಣ್ಣು ಅಂದ್ರೆ ಆಚಾರಿ ಕಣ್ಣು ಕಣ್ರೀ" ಎಂದು ಹೊಗಳಿ ಹೋಗುವರು. ಹೊಗಳಿಕೆ ಗಂಡನಿಗೇ ಇರಲಿ, ಅವಳಿಗೆ ಹೊಟ್ಟೆಕಿಚ್ಚಿರಲಿಲ್ಲ. ಆದರೆ ಯಸಳೂರಿನ ತಂಗಿಯ ಮನೆಗೆ ಹೋಗಿ ಒಂದು ದಿನ ಉಳಿದು ಬರುವಂತಿರಲಿಲ್ಲ. ಜ್ವರ ಬಂದರೆ ಮಲಗುವಂತಿರಲಿಲ್ಲ. "ನೀನು ಹೋಗ್ಬುಟ್ರೆ ನಾನೇನೇ ಮಾಡ್ಲಿ?" ಎನ್ನುವನು. ಬೈದಿದ್ದರೆ ತಿರುಗಿ ಬೈದು ಹೋಗಿಬಿಡಬಹುದಿತ್ತು. ಅಂಗಲಾಚುವವನನ್ನು ಬಿಟ್ಟು ಹೋಗುವುದು ಹೇಗೆ?

ಅವಳಿಗೆಂದು ಇದ್ದದ್ದು ತಿಂಗಳಿಗೆ ಮೂರು ದಿನ. ಕುಲುಮೆ ಎಂದರೆ ಕಾಳಮ್ಮನ ಜಾಗ. ಮುಟ್ಟಾದವಳು ಒಳಗೆ ಕಾಲಿಡುವಂತಿಲ್ಲ. ಧರ್ಮಾಚಾರಿ ಇದರಲ್ಲಿ ಬಲು ಕಟ್ಟುನಿಟ್ಟು. ಆ ಮೂರು ದಿನ ಅಂಗಳದಾಚೆಯ ಸೌದೆ ಕೊಟ್ಟಿಗೆಯಲ್ಲಿ ಅವಳು ಮಲಗುವಳು, ಎದ್ದು ಮಂಗಳೂರಿನ ಲಾರಿಗಳನ್ನು ನೋಡುವಳು, ಕಡಲೆಕಾಯಿ ತಿನ್ನುವಳು, ಮತ್ತೆ ಮಲಗುವಳು. ಹೆಂಗಸರನ್ನು ಹೊರಗೆ ಕೂರಿಸುವ ಪದ್ಧತಿಯನ್ನು ಬೈಯುವವರು ಬೈಯಲಿ, ಬೈಯಬೇಕಾದ್ದೇ. ಭದ್ರಮ್ಮನಿಗೆ ಮಾತ್ರ ಅದೇ ತವರುಮನೆ.

ನಲವತ್ತೆಂಟಕ್ಕೆ ಅವಳ ಮುಟ್ಟು ನಿಂತಿತು. ಅವಳು ಯಾರಿಗೂ ಹೇಳಲಿಲ್ಲ. ತಿಂಗಳು ತಿಂಗಳೂ ತಪ್ಪದೆ "ಹೊರಗಾದೆ" ಎಂದು ಹೋಗಿ ಕೂತಳು. ಹೀಗೇ ಒಂಬತ್ತು ತಿಂಗಳು ಕಳೆದವು. ಕಾಳಮ್ಮನಿಗೆ ಗೊತ್ತೇ ಇರಬೇಕು. ಅವಳೂ ಹೆಂಗಸಲ್ಲವೇ, ಸುಮ್ಮನಿದ್ದಳು.

ಹತ್ತನೆಯ ಸಲ ಹೋಗಿ ಕೂತ ಬೆಳಿಗ್ಗೆಯೇ ಥಿಯೋಡೋರನ ಜೀಪು ಬಂತು. ಎಸ್ಟೇಟಿನ ಸಾವ್ಕಾರನಾದ ಅವನು ಮಗಳು ಏಂಜೆಲಾಳ ಮದುವೆಯಲ್ಲಿ ಕೇಕ್ ಕತ್ತರಿಸಲು ಗೆರೆ ಚೂರಿ ಹೇಳಿದ್ದ. ಮಾಡಿದ್ದ ಚೂರಿ ಹಿಂದಿನ ದಿನ ಹದಗೊಳಿಸಲು ಎಣ್ಣೆಗೆ ಅದ್ದುವಾಗ ಸೀಳು ಬಿಟ್ಟಿತ್ತು. ಮದುವೆಗೆ ನಾಲ್ಕೇ ದಿನ. ಒಳ್ಳೆಯ ಉಕ್ಕೆಂದು ಉಳಿದಿದ್ದದ್ದು ಹಳೆಯ ಗರಗಸದ ಒಂದು ತುಂಡು. ಭದ್ರಮ್ಮ ಹೊರಗಾಗುವುದನ್ನು ಒಂದು ವಾರ ಮುಂದೆ ಹಾಕಬಹುದಿತ್ತು. ಹಾಕಲಿಲ್ಲ. ರಟ್ಟೆ ಸೋತಿತ್ತು, ಮನಸ್ಸೂ ಸೋತಿತ್ತು.

"ಮೂರು ದಿನ ತಡೀರಿ ಸಾವ್ಕಾರ್ರೆ, ಮನೆಯವಳು ಹೊರಗವ್ಳೆ" ಎಂದ ಧರ್ಮಾಚಾರಿ.

"ತಿದಿ ಎಳೀಲಿಕ್ಕೆ ನಮ್ಮ ಡ್ರೈವರ್ ದಾಸಯ್ಯ ಇಲ್ವಾ ಮಾರಾಯ? ಬೆಂಕಿ ನೋಡುವ ಕಣ್ಣು ನಿಮ್ಮದು ತಾನೆ? ನಾನು ಇಲ್ಲೇ ಕೂತ್ಕೊಳ್ತೇನೆ."

ಅವನು ಏನು ಹೇಳಿಯಾನು? ಬಾಯಿ ಬಿಟ್ಟರೆ ಬಣ್ಣಗೇಡು. ಕಣ್ಣಿಲ್ಲದ ಆಚಾರಿಯ ಹತ್ತಿರ ಯಾರು ಕತ್ತಿ ಮಾಡಿಸುತ್ತಾರೆ? ಪಟ್ಟಿಗಳನ್ನು ಜೋಡಿಸಿ ಕೆಂಡಕ್ಕಿಟ್ಟ.

ದಾಸಯ್ಯ ಬಾವಿಯಿಂದ ನೀರು ಸೇದುವವನಂತೆ ಬಿರುಸಾಗಿ ಎಳೆದ. ಸೌದೆ ಕೊಟ್ಟಿಗೆಯಿಂದ ಭದ್ರಮ್ಮನಿಗೆ ಕುಲುಮೆ ನೇರ ಕಾಣುತ್ತಿತ್ತು. ಕಬ್ಬಿಣ ಕೆಂಪಾಯಿತು, ಹಳದಿಯಾಯಿತು. ಧರ್ಮಾಚಾರಿ ಮುಖ ಮುಂದೆ ಚಾಚಿ "ಎಳಿ, ಇನ್ನೂ ಎಳಿ" ಎನ್ನುತ್ತಿದ್ದ. ಇಲ್ಲಿಂದಲೇ ಕೂಗಿದರೆ ಸಾವ್ಕಾರನಿಗೆ ಗುಟ್ಟು ತಿಳಿಯುತ್ತದೆ. ಒಳಗೆ ಹೋದರೆ ತನ್ನ ಮೂರು ದಿನ ಹೋಗುತ್ತದೆ. ಸುಮ್ಮನಿದ್ದರೆ ಇಬ್ಬರ ಅನ್ನವೂ ಹೋಗುತ್ತದೆ. ಸುಡಲಿ ಬಿಡು, ಎಂದಿತು ಅವಳ ಮನಸ್ಸು. ನಿಜವಾಗಿಯೂ ಹಾಗೇ ಎಂದಿತು. ಅಷ್ಟರಲ್ಲಿ ಬೆಣ್ಣೆಯ ಬಣ್ಣ ಬಂತು.

ಅವಳು ಓಡಿದಳು. ದಾಸಯ್ಯನ ಕೈಯಿಂದ ಸರಪಳಿ ಕಿತ್ತು ನಿಲ್ಲಿಸಿದಳು. ಸದ್ದು ನಿಂತದ್ದೇ ತಡ, ಧರ್ಮಾಚಾರಿಯ ಕೈ ತಾನಾಗಿಯೇ ಕಬ್ಬಿಣ ಎಳೆದು ಅಡೆಗಲ್ಲಿನ ಮೇಲಿಟ್ಟಿತು. ಅವಳು ಸಮ್ಮಟಿಗೆಗೆ ಕೈ ಹಾಕಿದಾಗ ಬಳೆ ಸದ್ದಾಯಿತು.

"ಯಾರದು, ಭದ್ರೀನಾ? ಕಾಳಮ್ಮನ ಜಾಗ ಕಣೆ ಇದು! ಮುಟ್ಟಬೇಡ, ಆಚೆ ಹೋಗು!"

ಕಬ್ಬಿಣ ಆರುತ್ತಿತ್ತು.

"ನಂಗೆ ಅದು ನಿಂತು ಒಂಬತ್ತು ತಿಂಗಳಾಯ್ತು" ಎಂದಳು ಭದ್ರಮ್ಮ, ಇಬ್ಬರು ಪರಗಂಡಸರ ಎದುರಿಗೆ.

ದಾಸಯ್ಯ ರಸ್ತೆಯ ಕಡೆ ಮುಖ ತಿರುಗಿಸಿದ. ಸಾವ್ಕಾರ ಬೂಟು ನೋಡಿಕೊಂಡ. ಧರ್ಮಾಚಾರಿ ಇಕ್ಕಳವನ್ನು ಬಿಗಿಯಾಗಿ ಹಿಡಿದುಕೊಂಡ. ಆಮೇಲೆ "ಹಂಗಾದ್ರೆ ಹೊಡಿ!" ಎಂದ.

ಹೊಡೆದಳು. ಪದರ ಕೂಡಿತು. ಮಡಚಿದರು, ಮತ್ತೆ ಕಾಯಿಸಿದರು, ಮತ್ತೆ ಹೊಡೆದರು. ಮಧ್ಯಾಹ್ನದ ಹೊತ್ತಿಗೆ ಚೂರಿಯ ಅಚ್ಚು ಕಾಣಿಸಿತು.

"ಗಂಡ ಹೆಂಡತಿ ಜೋಡಿ ಅಂದ್ರೆ ಇದು" ಎಂದ ಥಿಯೋಡೋರ್ ಖುಷಿಯಾಗಿ. "ಕ್ರಿಸ್ಮಸ್ಸಿಗೆ ನೆಂಟರಿಗೆ ಕೊಡ್ಲಿಕ್ಕೆ ಇನ್ನೂ ಹನ್ನೆರಡು ಬೇಕು. ಆಗ್ತದಾ? ತಿಂಗಳು ತಿಂಗಳು ಬಾಗಿಲು ಹಾಕ್ತೀರಲ್ಲ ನೀವು."

"ಇನ್ನು ಹಾಕಾಕಿಲ್ಲ ಸಾವ್ಕಾರ್ರೆ. ಆಯ್ತು ಅಂತ್ಲೇ ತಿಳ್ಕಳಿ" ಎಂದ ಧರ್ಮಾಚಾರಿ.

ಜೀಪು ಹೋಯಿತು. ಧರ್ಮಾಚಾರಿ ತಡಕಾಡಿ ಹೆಂಡತಿಯ ಭುಜ ಹುಡುಕಿ ಕೈಯಿಟ್ಟ. ಅಷ್ಟು ಮೆತ್ತಗೆ ಅವನು ಅವಳನ್ನು ಮುಟ್ಟಿ ಎಷ್ಟೋ ವರ್ಷವಾಗಿತ್ತು.

"ಒಂಬತ್ತು ತಿಂಗಳು ಸುಮ್ ಸುಮ್ನೆ ಆ ಚಳೀಲಿ ಮಲ್ಕಂಡ್ಯಲ್ಲೇ, ಪಾಪ. ಮೊದ್ಲೇ ಹೇಳಬಾರ್ದಿತ್ತಾ? ಇನ್ನು ನಿಂಗೆ ಆ ಕಷ್ಟ ಇಲ್ಲ ಬಿಡು."

ಭದ್ರಮ್ಮನಿಗೆ ಅಳು ಒತ್ತಿ ಬಂತು. ಅವನಿಗೆ ಕೇಳದಿರಲೆಂದು ತಿದಿಯನ್ನು ಜೋರಾಗಿ ಎಳೆದಳು.