ಎರಡನೆಯ ಮ್ಯಾಗಜೀನಿನ ಬಾಯಂಚು

2024ರ ಅಕ್ಟೋಬರ್ 22, ಮಂಗಳವಾರ, ಬೆಳಿಗ್ಗೆ 9 ಗಂಟೆ 40 ನಿಮಿಷ. ಸ್ಟ್ರೀಟ್ಸ್‌ವಿಲ್ ಆಚೆಯ ಶೂಟಿಂಗ್ ರೇಂಜಿನಲ್ಲಿ ದೀಪಶ್ರೀಯ ಪಿಸ್ತೂಲು ಎರಡನೆಯ ಸಲ ನಿಂತುಹೋಯಿತು. ಗುಂಡು, ಅದನ್ನು ತುಂಬಿಡುವ ಡಬ್ಬಿಯಾದ ಮ್ಯಾಗಜೀನಿನಿಂದ ಮೇಲೆದ್ದು, ನಳಿಕೆಗೆ ಹೋಗದೆ ಅಡ್ಡಡ್ಡ ಸಿಕ್ಕಿಕೊಂಡಿತ್ತು. ಎರಡೂ ಸಲ ಹಾಕಿದ್ದು ‘2’ ಎಂದು ಬರೆದಿದ್ದ ಮ್ಯಾಗಜೀನು.

ಬ್ಯಾಂಕುಗಳಿಗೆ ನಗದು ಸಾಗಿಸುವ ವ್ಯಾನಿನ ಕಾವಲು ಅವಳ ಕೆಲಸ. ಅವಳು ವಲಸೆ ಬಂದ ಈ ದೇಶದಲ್ಲಿ ಸೊಂಟಕ್ಕೆ ಪಿಸ್ತೂಲು ಕಟ್ಟಲು ಪರವಾನಗಿ ಸಿಗುವುದೇ ಇಂಥ ಕೆಲವರಿಗೆ. ಇವತ್ತಿನ ಪರೀಕ್ಷೆಯಲ್ಲಿ ತೇರ್ಗಡೆಯಾಗದಿದ್ದರೆ ವ್ಯಾನು ತಪ್ಪಿ ಗೋದಾಮಿಗೆ ಹಾಕುತ್ತಾರೆ.

“ಗನ್ ಸರಿಯಾಗೇ ಇದೆ ದೀಪಶ್ರೀ, ನಿಮ್ಮ ರಿಸ್ಟ್ ಲೂಸ್ ಆಗ್ತಿದೆ, ಅದಕ್ಕೇ ಜಾಮ್ ಆಗೋದು,” ಎಂದ ತರಬೇತುದಾರ ರಾಜೀವ್, ಇಲ್ಲೇ ಮಾರ್ಕಮ್‌ನಲ್ಲಿ ಬೆಳೆದವ. “ಬ್ರೇಕ್ ತಗೊಳ್ಳಿ. ಇನ್ನೊಂದ್ ಚಾನ್ಸ್ ಕೊಡ್ತೀನಿ.”

ಬೆಂಚಿನ ಮೇಲೆ ವ್ಯಾನಿನ ಚಾಲಕ, ಬೆಳಗಾವಿಯ ತಿಪ್ಪಣ್ಣ, ತನ್ನ ಸರದಿಗೆ ಕಾಯುತ್ತಿದ್ದ. ಹನ್ನೊಂದು ದಿನಗಳ ಹಿಂದೆ, ಆಯುಧಪೂಜೆಯಂದು, ಕಂಪನಿಯ ಬಂದೂಕು ಕೋಣೆಯಲ್ಲಿ ಇಬ್ಬರೂ ಸೇರಿ ಅವಳ ಮೂರು ಮ್ಯಾಗಜೀನುಗಳಿಗೂ ಅರಿಸಿನ ಕುಂಕುಮ ಹಚ್ಚಿದ್ದರು.

“ಕಾಕಾ, ಕುಂಕುಮ ಒಳಗ ಇಳದಿರಬೇಕು. ರಾಜೀವಗ ಹೇಳಿಬಿಡ್ತೀನಿ,” ಎಂದಳು ದೀಪಶ್ರೀ.

“ಬ್ಯಾಡ ಬಿಡವಾ. ಕೈ ಸೋತಿತ್ತು ಅಂದ್ರ ಮುಗೀತು.”

ಹಾಗೆಂದರೆ ಮುಗಿಯುವುದು ತನ್ನ ವ್ಯಾನಿನ ಕೆಲಸ. ದೀಪಶ್ರೀ ಎದ್ದು ಹೋಗಿ ಹೇಳಿಯೇಬಿಟ್ಟಳು.

ರಾಜೀವ್ ನಕ್ಕ. “ನಮ್ಮಮ್ಮ ಕಾರಿಗೆ ಹಚ್ತಾರೆ, ಟೈರ್ ಕೆಳಗೆ ನಿಂಬೆಹಣ್ಣೂ ಇಡ್ತಾರೆ. ಮ್ಯಾಗಜೀನ್‌ಗೂ ಹಚ್ತಾರಾ?”

ಬಿಚ್ಚಿ ನೋಡಿದರೆ ಒಳಗಿನ ಸ್ಪ್ರಿಂಗಿಗೆ ಎಣ್ಣೆ ಕುಡಿದ ಕುಂಕುಮ ಅಂಟಿತ್ತು. ಅವನು ಒರೆಸಿ ಕೊಟ್ಟು, “ಸಾಲ್ವ್ಡ್,” ಎಂದ.

ಅವಳಿಗೆ ಒಪ್ಪಿಗೆಯಾಗಲಿಲ್ಲ. ಉಳಿದೆರಡನ್ನೂ ಬಿಚ್ಚಿದಳು. ಅವುಗಳಲ್ಲೂ ಅಷ್ಟೇ ಕುಂಕುಮವಿತ್ತು, ಆದರೆ ಅವು ಒಮ್ಮೆಯೂ ತಡೆದಿರಲಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡುವುದು ಧಾರವಾಡದಲ್ಲಿ ಬಿ.ಎಸ್ಸಿ. ಓದುವಾಗ ಲ್ಯಾಬಿನಲ್ಲಿ ಅವಳಿಗೆ ಅಂಟಿದ ರೂಢಿ.

“ಈ ಎರಡನೇದ್ದನ್ನ ಕಾಕಾನ ಪಿಸ್ತೂಲಿಗೆ ಹಾಕಿ, ಅವರ ಕೈಲೇ ಹೊಡಸ್ರಿ,” ಎಂದಳು.

“ಗಡಿ ಆಚೆ ಟೆಕ್ಸಾಸದಾಗ ನನ್ನ ಅಳಿಯಾ ಅಂಗಿ ಒಳಗ ಪಿಸ್ತೂಲು ಮುಚ್ಚಿಟ್ಕೊಂಡು ಕಾಯಿಪಲ್ಯ ತರಾಕ ಹೋಗ್ತಾನ,” ತಿಪ್ಪಣ್ಣ ಗೊಣಗಿದ. “ಇಷ್ಟು ತಪಾಸಣಿ ಎಂದೂ ಮಾಡಿಲ್ಲ.”

“ಬೇಕಾದಾಗ ಹಾರಲಿಲ್ಲಂದ್ರ ಗೊತ್ತಾಗ್ತೈತಿ ಅವಂಗ.”

ತಿಪ್ಪಣ್ಣನ ಗಟ್ಟಿ ಕೈಯಲ್ಲೂ ನಾಲ್ಕನೆಯ ಗುಂಡು ಸಿಕ್ಕಿಕೊಂಡಿತು. ರಾಜೀವ್ ಸೂಕ್ಷ್ಮ ಅಳತೆಯ ಕ್ಯಾಲಿಪರ್ ತಂದ. ಗುಂಡನ್ನು ಹಿಡಿದಿಡುವ ಮೇಲಿನ ಬಾಯಂಚುಗಳ ನಡುವೆ ಒಂದನೆಯದರಲ್ಲೂ ಮೂರನೆಯದರಲ್ಲೂ 9.1 ಮಿಲಿಮೀಟರ್ ಇತ್ತು, ಎರಡನೆಯದರಲ್ಲಿ 9.8.

“ಇದು ಎಲ್ಲೋ ಬಿದ್ದು ಬಾಯಿ ಅಗಲ ಆಗಿದೆ, ಗುಂಡು ಸರಿಯಾಗಿ ಹಿಡೀತಿಲ್ಲ,” ಎಂದ.

ತಿಪ್ಪಣ್ಣ ತನ್ನ ಬೂಟು ನೋಡಿಕೊಂಡ. “ಪೂಜಾದಾಗ ನೀ ಹೊರಗ ಹೋದಾಗ ನನ್ನ ಕೈಯಾಗಿಂದ ಜಾರಿತ್ತು, ಕಾಂಕ್ರೀಟ್ ಮ್ಯಾಲೆ. ಅಪಶಕುನ ಅಂತಿ ಅಂತ ಹೇಳಲಿಲ್ಲವಾ.”

“ಶಕುನ ಇರ್ಲಿ ಕಾಕಾ. ನಾಳೆ ನಿಮ್ಮ ಬೆನ್ನಿಗೆ ನಿಲ್ಲಾಕಿ ನಾನು. ಅದ ಮ್ಯಾಗಜೀನ್ ಹಿಡಕೊಂಡು ನಿಲ್ತಿದ್ದೆ.”

ಅವನು ಕೆಟ್ಟ ಮ್ಯಾಗಜೀನನ್ನು ತಾನೇ ಎತ್ತಿ ರಾಜೀವನ ಮುಂದಿಟ್ಟ.

ರಾಜೀವ್ ವರದಿಯಲ್ಲಿ ‘ರಿಸ್ಟ್’ ಎಂಬುದನ್ನು ಹೊಡೆದುಹಾಕಿ ‘ಮ್ಯಾಗಜೀನ್’ ಎಂದು ಬರೆದ. ಉಳಿದೆರಡರಿಂದಲೇ ದೀಪಶ್ರೀ ಪರೀಕ್ಷೆಯ ಐವತ್ತೂ ಗುಂಡು ಹಾರಿಸಿ ತೇರ್ಗಡೆಯಾದಳು. ಕೆಟ್ಟದ್ದರ ಬದಲಿಗೆ ಅವನು ಪೆಟ್ಟಿಗೆಯಿಂದ ಇನ್ನೊಂದನ್ನು ತೆಗೆದು ಕೊಟ್ಟ.

“ಬ್ರ್ಯಾಂಡ್ ನ್ಯೂ. ಚೆಕ್ ಮಾಡೋದೇನಿಲ್ಲ.”

ಅವಳು ಕ್ಯಾಲಿಪರಿಗೆ ಕೈ ಚಾಚಿದಳು. ಮೂರು ಸಲ ಅಳೆದಳು. ಮೂರು ಸಲವೂ 9.1 ಮಿಲಿಮೀಟರ್.