ಅಂದಾಂತೆ

"ನಿಧಾನ ಅಂದ್ರೆ ಎಷ್ಟು ನಿಧಾನ?" ಎಂದು ಕೇಳಿದ ಅಂಚೆಯಣ್ಣ ಪಿಯಾನೋ ಮೇಲಿಂದ ಕೈ ತೆಗೆದುಬಿಟ್ಟರು.

ನಿವೃತ್ತರಾದ ಮೇಲೆ ಪಾಠಕ್ಕೆ ಸೇರಿದ ಅವರಿಗೆ ಎಲ್ಲದಕ್ಕೂ ಅರ್ಥ ಬೇಕು. ಸ್ವರಲಿಪಿಯ ಹಾಳೆಯ ನೆತ್ತಿಯ ಮೇಲಿದ್ದ ಇಟಾಲಿಯನ್ ಪದವನ್ನು ಟೀಚರು ಪೆನ್ಸಿಲಿನಿಂದ ತಟ್ಟಿದಳು. "ಅಂದಾಂತೆ."

"ಯಾರು ಅಂದಂತೆ, ಮೇಡಂ?"

ಅವಳಿಗೆ ನಗು ಬರಲಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಅದಕ್ಕೆ 'ನಿಧಾನವಾಗಿ' ಎಂದೇ ಹೇಳಿಕೊಡುತ್ತ ಬಂದಿದ್ದಳು. ಯಾರೂ ಮರುಪ್ರಶ್ನೆ ಹಾಕಿರಲಿಲ್ಲ.

"ನಾನು ಡಿಕ್ಷನರಿ ನೋಡ್ದೆ. 'ನಡೀತಾ' ಅಂತಿದೆ. ನಿಧಾನಾನೂ ಅಲ್ಲ, ಜೋರೂ ಅಲ್ಲ. ಆದ್ರೆ ಯಾರ ನಡಿಗೆ? ಮೂವತ್ತು ವರ್ಷ ಕಾಗದ ಹಂಚ್ದೋನು ನಾನು. ಸಾವಿನ ಸುದ್ದಿ ಹಿಡ್ಕೊಂಡು ಹೋಗೋ ನಡಿಗೇನೇ ಬೇರೆ."

"ನಿಮ್ಮ ನಡಿಗೇಲೇ ನುಡಿಸಿ."

ನುಡಿಸಿದರು. ತಪ್ಪುಗಳಿದ್ದವು. ಆದರೂ ಯಾರೋ ಮನೆ ಗುರುತು ಹಿಡಿದು ನಿಂತು, ಮತ್ತೆ ಹೊರಟಂತಿತ್ತು. ಅವಳಿಗೆ ಕಸಿವಿಸಿಯಾಯಿತು. ಹತ್ತು ನಿಮಿಷ ಮೊದಲೇ ಪಾಠ ಮುಗಿಸಿದಳು.

ಆಸ್ಪತ್ರೆಯ ದಾರಿಯಲ್ಲಿ ತನ್ನ ನಡಿಗೆ ಯಾವುದೆಂದು ನೋಡಿಕೊಂಡಳು. ನೋಡಿಕೊಂಡದ್ದೇ ತಡ, ಕಾಲು ತೊಡರಿತು. ಮುಂದೆ ಹೋಗುತ್ತಿದ್ದ ಅಪರಿಚಿತನ ವೇಗದಲ್ಲಿ ಸ್ವಲ್ಪ ದೂರ ನಡೆದಳು. ಅವನು ತಿರುವಿನಲ್ಲಿ ಮರೆಯಾದಾಗ ಸುಮ್ಮನೆ ನಿಂತಳು. ಮದುವೆಯಾದಾಗಿನಿಂದ ಗಂಡ ಹತ್ತು ಹೆಜ್ಜೆ ಮುಂದೆ, ಇವಳದು ಹಿಂದಿನಿಂದ ಓಡುನಡಿಗೆ. ಮೂರು ತಿಂಗಳ ಹಿಂದೆ ಅವನಿಗೆ ಲಕ್ವ ಹೊಡೆದಾಗ, ಇನ್ನು ಓಡಬೇಕಿಲ್ಲ ಎಂಬ ಯೋಚನೆ ದುಃಖಕ್ಕಿಂತ ಮೊದಲು ಬಂದಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಆಸ್ಪತ್ರೆಯ ಉದ್ದನೆಯ ಕೋಣೆಯಲ್ಲಿ ಗಂಡ, ಹಿಡಿದು ನಡೆಯಲೆಂದು ಹಾಕಿದ್ದ ಎರಡು ಕಂಬಿಗಳ ನಡುವೆ ನಿಂತಿದ್ದ. ವ್ಯಾಯಾಮ ಮಾಡಿಸುವ ಹೆಂಗಸು ಅವಳನ್ನು ಆಚೆ ತುದಿಗೆ ಕಳಿಸಿದಳು. "ಸಂಗೀತದೋರಲ್ವ ನೀವು, ತಾಳ ಹಾಕಿ. ಸಾರು ನಿಮ್ಮ ಹತ್ರ ನಡ್ಕೊಂಡು ಬರ್ತಾರೆ."

ಅವಳು ಚಪ್ಪಾಳೆ ತಟ್ಟಿದಳು.

"ಅಷ್ಟು ಜೋರು ಬೇಡ," ಎಂದ ಗಂಡ. ಮಾತು ಇನ್ನೂ ತೊದಲುತ್ತಿತ್ತು.

ನಿಧಾನಿಸಿದಳು.

"ಇಷ್ಟು ನಿಧಾನಾನೂ ಬೇಡ. ನಾನೇನು ಮಗುನಾ?"

"ಮತ್ತೆ ಹೇಗೆ ಹಾಕ್ಲಿ?"

"ಮಾಮೂಲಾಗಿ. ನೀನು ನಡಿಯೋ ಹಾಗೆ."

ಅವಳ ಕೈಗಳು ಗಾಳಿಯಲ್ಲೇ ನಿಂತವು. ಅರ್ಧ ದಾರಿ ಬಂದಿದ್ದ ಅವನು ಕಾದ. ಅವಳ ಮುಖ ನೋಡಿದ. ಅವಳು ಹಾಳೆ ಮಗುಚುವವಳಂತೆ ಬೇರೆಲ್ಲೋ ನೋಡಿದಳು.

ಅವನು ಕಂಬಿ ಬದಲಿಸಿ ಹಿಡಿದು, ಒಂದೊಂದೇ ಪಾದ ಎಳೆದು, ಮೆಲ್ಲಗೆ ಅವಳಿಗೆ ಬೆನ್ನು ಮಾಡಿ ತಿರುಗಿದ.

"ಆ ಕಡೆ ಅಲ್ಲ ಸಾರ್, ಈ ಕಡೆ," ಎಂದಳು ಹೆಂಗಸು.

ಅವನು ನಡೆಯತೊಡಗಿದ. ಅಷ್ಟು ದಿನ ಒಂದಕ್ಕೊಂದು ಕೂಡದಿದ್ದ ಹೆಜ್ಜೆಗಳು ಈಗ ಸಮವಾಗಿ ಬಿದ್ದವು. ಅವಳಿಗೆ ಗೊತ್ತಾಗುವ ಮೊದಲೇ ಅವಳ ಕೈಗಳು ಪ್ರತಿ ಹೆಜ್ಜೆಯ ಬೆನ್ನಿಗೇ ತಟ್ಟತೊಡಗಿದ್ದವು.

ಕಂಬಿ ಮುಗಿಯಿತು. ಆಚೆಗೆ ಬರೀ ನೆಲ, ಅದರಾಚೆ ಗೋಡೆ.

"ಸಾಕು ಸಾರ್."

ಅವನು ನಿಲ್ಲಲಿಲ್ಲ. ಚಪ್ಪಾಳೆಯೂ ನಿಲ್ಲಲಿಲ್ಲ.