ಕೊಡೆಗೆ ಹೆದರುವ ದಾಸು

ಎಪ್ಪತ್ತೊಂಬತ್ತರ ಮಳೆಗಾಲ. ಫಳ್ನೀರಿನ ಸಂಕಪ್ಪಣ್ಣನ ಮನೆಯ ನಾಯಿ ದಾಸು ಮತ್ತೊಂದು ಕೊಡೆ ಹರಿದುಹಾಕಿತು. ಈ ಸಲ ಪಕ್ಕದ ಮನೆಯ ಮಹಾಬಲನದ್ದು. ಪೋಸ್ಟ್‌ಮ್ಯಾನ್ ಆಗಲೇ ಹೆದರಿ, ಕಾಗದಗಳನ್ನು ಗೇಟಿನ ಹೊರಗಿಂದಲೇ ಎಸೆದು ಹೋಗುತ್ತಿದ್ದ.

ಸಂಕಪ್ಪಣ್ಣ ತೀರ್ಮಾನ ಮಾಡಿಬಿಟ್ಟರು. ಆದಿತ್ಯವಾರ ನಾಯಿಯನ್ನು ಗೋಣಿಯಲ್ಲಿ ಹಾಕಿ, ದೋಣಿಯಲ್ಲಿ ಹೊಳೆ ದಾಟಿಸಿ ಆಚೆ ದಡದ ಬೆಂಗ್ರೆಯಲ್ಲಿ ಬಿಟ್ಟುಬರುವುದು. ನಡುವೆ ಹೊಳೆ ಇದ್ದರೆ ತಿರುಗಿ ಬರುವ ಭಯವಿಲ್ಲ.

ಬಡಿಸುತ್ತಿದ್ದ ಸೊಸೆ ಉಮಾವತಿ ಸೌಟು ಕೆಳಗಿಟ್ಟಳು.

"ಹಾಗಾದರೆ ದೋಣಿಗೆ ನನಗೂ ಒಂದು ಟಿಕೆಟ್ ತೆಗೆಯಿರಿ, ಮಾವ. ಅವನ ಜೊತೆ ನಾನೂ ಹೋಗ್ತೇನೆ."

ಆ ಮನೆಯಲ್ಲಿ ಸಂಕಪ್ಪಣ್ಣನಿಗೆ ಎದುರು ಮಾತು ಬಂದದ್ದು ಅದೇ ಮೊದಲು.

ಮರುದಿನ ಉಮಾವತಿ, ದನದ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಡಾಲಿಬಾಯಿಯನ್ನು ಕರೆತಂದಳು. ನಾಯಿಯನ್ನು ಎಲ್ಲಿ ಕಟ್ಟುತ್ತೀರಿ ಎಂದು ಅವರು ಕೇಳಿದರು. ಗೇಟಿನ ಪಕ್ಕ, ಗಿಡ್ಡ ಸರಪಳಿಯಲ್ಲಿ. ಹಾಗೆ ಕಟ್ಟಿದರೆ ನಾಯಿ ಜೋರಾಗುತ್ತದಲ್ಲ, ಎಂದರು ಸಂಕಪ್ಪಣ್ಣ. ಬೊಗಳಿದರೆ ಏನು ಮಾಡುತ್ತೀರಿ, ಎಂದರು ಡಾಲಿಬಾಯಿ. ಕೊಡೆಯ ಹಿಡಿಯಿಂದ ಎರಡು ಕೊಡುತ್ತೇನೆ ಎಂದವರು, ಹೇಳಿದ ಮೇಲೆ ಮೂಲೆಯ ಮೊಳೆಯಲ್ಲಿದ್ದ ತಮ್ಮ ಕೊಡೆಯನ್ನು ನೋಡಿದರು.

ಅಜ್ಜಿಕಥೆಯ ರಾಕ್ಷಸನ ಜೀವ ಏಳು ಸಮುದ್ರದಾಚೆ ಒಂದು ಗಿಳಿಯಲ್ಲಿ ಅಡಗಿರುತ್ತದೆ. ದಾಸುವಿನ ಭಯ ಇದೇ ಚಾವಡಿಯ ಮೂಲೆಯಲ್ಲಿ ತೂಗುತ್ತಿತ್ತು.

"ಇದು ಸೊಕ್ಕಲ್ಲ ಸಂಕಪ್ಪಣ್ಣ, ಹೆದರಿಕೆ," ಎಂದರು ಡಾಲಿಬಾಯಿ. "ಓಡಲಿಕ್ಕೆ ಜಾಗ ಇಲ್ಲದವ ಕಚ್ಚಲಿಕ್ಕೆ ಬರ್ತಾನೆ. ಮತ್ತೆ, ಬೆಂಗ್ರೆಯಲ್ಲಿಯೂ ಮಳೆ ಬರ್ತದೆ ಮಾರಾಯ್ರೆ. ಅಲ್ಲಿನವರ ಹತ್ತಿರ ಕೊಡೆ ಇಲ್ವಾ?"

ಸಂಕಪ್ಪಣ್ಣ ಗೊಣಗಿಕೊಂಡೇ ಆಟಿ ತಿಂಗಳು ಮುಗಿಯುವವರೆಗೆ, ಎಂದರೆ ಆಗಸ್ಟ್ ನಡುವಿನವರೆಗೆ, ಗಡುವು ಕೊಟ್ಟರು.

ಡಾಲಿಬಾಯಿ ಹೇಳಿದಂತೆ ಮೊದಲು ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿದರು. ದಾಸುವಿನ ಜಾಗ ಗೇಟಿನಿಂದ ಹಿತ್ತಲ ಜಗಲಿಗೆ ಬಂತು, ಸರಪಳಿ ಹೋಗಿ ಉದ್ದ ಹಗ್ಗ ಬಂತು. ಮಡಚಿದ ಕೊಡೆಯನ್ನು ದೂರ, ಬಾವಿಯ ಹತ್ತಿರ ಇಟ್ಟರು. ದಾಸು ಅದನ್ನು ನೋಡಿದಾಗಲೆಲ್ಲ ಉಮಾವತಿ ಮುಳ್ಳು ತೆಗೆದ ಬಂಗುಡೆ ಮೀನಿನ ಚೂರು ಕೊಟ್ಟಳು. ದಿನಕ್ಕೆ ಒಂದು ಹೆಜ್ಜೆ ಹತ್ತಿರ. ನಾಯಿ ಮೈ ಬಿಗಿಹಿಡಿದರೆ, ಬಾಲ ಮುದುಡಿದರೆ, ಕೊಡೆ ಹಿಂದಕ್ಕೆ. ಗದರುವುದಿಲ್ಲ, ಹೊಡೆಯುವುದಿಲ್ಲ, ಎಳೆಯುವುದಿಲ್ಲ.

ಎಂಟನೆಯ ದಿನ ಸಂಕಪ್ಪಣ್ಣನೇ ಅವಸರಪಟ್ಟು ಕೊಡೆಯನ್ನು ಫಟ್ಟನೆ ಬಿಡಿಸಿದರು. ದಾಸು, ಮಸಾಲೆ ಕಡೆಯುವ ಕಲ್ಲಿನ ಹಿಂದೆ ಅಡಗಿದವ ಸಂಜೆವರೆಗೆ ಹೊರಬರಲಿಲ್ಲ. ಇದು ಆಗುವ ಕೆಲಸವಲ್ಲ ಎಂದರು ಅವರು.

"ಆಗ್ತದೆ," ಎಂದಳು ಉಮಾವತಿ, ಕೊಡೆಯನ್ನು ಪುನಃ ಬಾವಿಯ ಹತ್ತಿರ ಇಡುತ್ತಾ. "ನಾಳೆ ಮೊದಲಿಂದ."

ಆಟಿಯ ಕೊನೆಗೆ, ಬೀದಿಯಲ್ಲಿ ಬಿಚ್ಚಿದ ಕೊಡೆ ಕಂಡರೆ ದಾಸು ಎರಡು ಸಲ ಬೊಗಳಿ, ತಿರುಗಿ ಉಮಾವತಿಯ ಮುಖ ನೋಡುತ್ತಿದ್ದ. ಕೊಡೆಯ ಮೇಲೆ ಪ್ರೀತಿ ಬರಲಿಲ್ಲ. ಸಹಿಸಲು ಕಲಿತ, ಅಷ್ಟೆ. ಅಷ್ಟು ಸಾಕಾಗಿತ್ತು.

ಒಂದು ಬೆಳಿಗ್ಗೆ ಮಹಾಬಲ ಮಳೆಯಲ್ಲಿ ಕೊಡೆ ಹಿಡಿದು ಗೇಟಿನಲ್ಲಿ ನಿಂತು, ಈ ಹುಚ್ಚ ಇನ್ನೂ ಇಲ್ಲೇ ಉಂಟಾ ಎಂದು ಕೇಳಿದ. ಸಂಕಪ್ಪಣ್ಣ ಅಂಗಳಕ್ಕಿಳಿದರು.

"ಹುಚ್ಚ ಅಲ್ಲ. ಹೊಡೆದು ಹಾಳು ಮಾಡಿದ್ದು ನಾನು. ಅವ ಎಲ್ಲಿಗೂ ಹೋಗುವುದಿಲ್ಲ. ನೀನು ಕೊಡೆ ಮಡಚಿ ಒಳಗೆ ಬಾ, ಅವನನ್ನು ದಿಟ್ಟಿಸಬೇಡ. ಆಗದಿದ್ದರೆ ಅಲ್ಲಿಂದಲೇ ಹೋಗು."

ಮಹಾಬಲ ಆ ಮಳೆಯಲ್ಲೇ ಕೊಡೆ ಮಡಚಿದ.

ಓದುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಅಂಗಳದ ನಾಯಿ ಯಾವುದಕ್ಕೆ ಹೆದರುತ್ತದೆ ಎಂದು ಇವತ್ತೇ ಗಮನಿಸಿ. ಚುಚ್ಚುಮದ್ದು ಹಾಕಿಸಿ. ಹಿಂದೆ ಸರಿಯಲು ಅದಕ್ಕೆ ಜಾಗ ಕೊಡಿ. ಕೋಲನ್ನು ಒಲೆಗೆ ಹಾಕಿ. ನೆರೆಯವರು ನಗಲಿ, ಬೈಯಲಿ. ಹೆದರಿದ ಜೀವವನ್ನು ಹೊರಹಾಕಲು ನಾವು ಒಪ್ಪುವುದಿಲ್ಲ ಎಂದು ಗೇಟಿನಲ್ಲೇ ನಿಂತು ಹೇಳಿ.